ನಿಮಗಿದು ಗೊತ್ತೆ? ಕೇಬಲ್ ಸಿಕ್ಕಿಸಿದರಷ್ಟೇ ಸಾಲದು!
ಕಚೇರಿಯ ಗೋಡೆಯಲ್ಲಿರುವ ನೆಟ್‌ವರ್ಕ್ ಪೋರ್ಟಿಗೆ ಯಾರು ಬೇಕಾದರೂ ಲ್ಯಾಪ್‌ಟಾಪ್ ಜೋಡಿಸಿ ಒಳನುಗ್ಗಬಹುದೆ? ‘802.1ಎಕ್ಸ್’ ಅಳವಡಿಸಿದ್ದರೆ ಅದು ಸುಲಭವಲ್ಲ. ಐಇಇಇ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಮಾನದಂಡವಿದು.

* ಕೇಬಲ್ ಸಿಕ್ಕಿಸಿದೊಡನೆ ಪೋರ್ಟಿನ ಹಿಂದಿರುವ ನೆಟ್‌ವರ್ಕ್ ಸ್ವಿಚ್ ಗುರುತು ಕೇಳುತ್ತದೆ. ಅದು ಖಚಿತವಾಗುವವರೆಗೆ ಗುರುತು ಪರಿಶೀಲನೆಯ ಸಂದೇಶಗಳನ್ನು ಬಿಟ್ಟು ಬೇರೇನನ್ನೂ ಒಳಬಿಡುವುದಿಲ್ಲ.
* ಒಪ್ಪಿಗೆಯ ತೀರ್ಮಾನ ಸಾಮಾನ್ಯವಾಗಿ ಸ್ವಿಚ್‌ನ ಹಿಂದೆ ಗುರುತು ಪರಿಶೀಲಿಸುವ ‘ರೇಡಿಯಸ್’ ಸರ್ವರ್‌ನದು. ಸ್ವಿಚ್ ಅದನ್ನು ಪಾಲಿಸುತ್ತದೆ.
* ಗುರುತು ತೋರಿಸಲು ಪಾಸ್‌ವರ್ಡ್‌ಗಿಂತ, ಪ್ರತಿ ಕಂಪ್ಯೂಟರಿಗೂ ಸಂಸ್ಥೆಯೇ ನೀಡುವ ಡಿಜಿಟಲ್ ಪ್ರಮಾಣಪತ್ರ ಹೆಚ್ಚು ಭದ್ರ.
* ಸರ್ವರ್‌ನ ಪ್ರಮಾಣಪತ್ರವನ್ನು ಕಂಪ್ಯೂಟರ್ ಕೂಡ ಪರೀಕ್ಷಿಸಬೇಕು. ಇಲ್ಲದಿದ್ದರೆ ನಕಲಿ ಸರ್ವರ್‌ಗೆ ಮೋಸಹೋದೀತು.
* ವಿಂಡೋಸ್‌ನಲ್ಲಿ 802.1ಎಕ್ಸ್‌ಗೆ ಬೇಕಾದ ‘ವೈರ್ಡ್ ಆಟೋಕಾನ್ಫಿಗ್’ ಸೇವೆ ಸಾಮಾನ್ಯವಾಗಿ ತಾನಾಗಿ ಶುರುವಾಗುವುದಿಲ್ಲ. ಒಂದೆಡೆಯಿಂದಲೇ ಕಂಪ್ಯೂಟರುಗಳ ಸೆಟ್ಟಿಂಗ್ ನಿಯಂತ್ರಿಸುವ ‘ಗ್ರೂಪ್ ಪಾಲಿಸಿ’ಯ ಮೂಲಕ ಅದನ್ನು ನೂರಾರು ಕಂಪ್ಯೂಟರುಗಳಲ್ಲಿ ಚಾಲೂ ಮಾಡಬಹುದು.
* ಪ್ರಮಾಣಪತ್ರದ ಅವಧಿ ಮುಗಿಯುವ ಮುನ್ನವೇ ನವೀಕರಿಸಿ. ತಡವಾದರೆ ಸಂಸ್ಥೆಯ ಸ್ವಂತ ಕಂಪ್ಯೂಟರೇ ಹೊರಗುಳಿಯುತ್ತದೆ.