ಎರಡು ಕೊಪ್ಪಳ, ಒಂದೇ ಟೇಬಲ್

ಜಿಲ್ಲಾವಾರು ಮಳೆ ಲೆಕ್ಕದ ಟೇಬಲ್ ಒಂದಿದೆ ಎನ್ನಿ. ಡೇಟಾಬೇಸ್ ಅಪಾಚೆ ಕಸಾಂಡ್ರಾ. ಜಿಲ್ಲೆ, ವರ್ಷ, ಸಮಯ ಮೂರೂ ಸೇರಿ ಅದರ ಪ್ರೈಮರಿ ಕೀ. ಮೊದಲೆರಡು ಪಾರ್ಟಿಷನ್ ಕೀ: ಅವುಗಳಿಂದ ಹುಟ್ಟುವ ಹ್ಯಾಶ್ ನೋಡಿಯೇ ಮಾಹಿತಿ ಯಾವ ಸರ್ವರ್‌ಗೆ ಹೋಗಬೇಕೆಂದು ತೀರ್ಮಾನವಾಗುತ್ತದೆ. ಸಮಯ ಕ್ಲಸ್ಟರಿಂಗ್ ಕಾಲಂ. ಸಾಲುಗಳು ಕೂರುವ ಕ್ರಮ ಅದರ ಜವಾಬ್ದಾರಿ. ಮಳೆಯ ಪ್ರಮಾಣ ತಪ್ಪಾದರೆ ತಿದ್ದಿದರಾಯಿತು. ಕೀ ತಪ್ಪಾದರೆ ಅಪ್‌ಡೇಟ್ ಮಾಡುವಂತಿಲ್ಲ, ಅಳಿಸಿ ಹೊಸದಾಗಿ ಬರೆಯಬೇಕು. ಅಳಿಸಲು ಮೊದಲು ಅದು ಸಿಗಬೇಕಲ್ಲ!

ಫೇಸ್‌ಬುಕ್‌ನ ಇನ್‌ಬಾಕ್ಸ್ ಹುಡುಕಾಟಕ್ಕೆಂದು ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ಕಟ್ಟಿದ ಕಸಾಂಡ್ರಾ 2008ರಲ್ಲಿ ಓಪನ್ ಸೋರ್ಸ್ ಆಯಿತು. ಆಗೆಲ್ಲ ಟೈಪ್ ಹೇಳದೆ ಬಿಟ್ಟರೆ ಎಲ್ಲವೂ ಬರೀ ಬೈಟ್‌ಗಳು. ಅಕ್ಷರವಾಗಿ ಬರೆದ 10 ಬಂದು 9ರ ಮುಂದೆ ಕೂರುತ್ತಿತ್ತು. ಅದರ ಈಗಿನ ಪ್ರಶ್ನಾಭಾಷೆ ಸಿಕ್ಯೂಎಲ್‌ನಲ್ಲಿ ಪ್ರತಿ ಕಾಲಂಗೂ ಟೈಪ್ ಕೊಡಲೇಬೇಕು. ಇಂಟ್ ಎಂದರೆ 4 ಬೈಟ್, ಟೈಮ್‌ಸ್ಟ್ಯಾಂಪ್ ಎಂದರೆ 8. ಐದು ಬೈಟ್ ಬಂದರೆ ಬಾಗಿಲಲ್ಲೇ ತಡೆ.

ಈ ಕಾವಲುಗಾರ ಅಳತೆ ನೋಡುತ್ತಾನೆ, ಅರ್ಥ ಕೇಳುವುದಿಲ್ಲ. ಟೈಮ್‌ಸ್ಟ್ಯಾಂಪ್ ಲೆಕ್ಕ 1970ರ ಆರಂಭದಿಂದ, ಮಿಲಿಸೆಕೆಂಡುಗಳಲ್ಲಿ. ಯಾರೋ ಸೆಕೆಂಡುಗಳ 1700000000 ಕಳಿಸಿದರೆ, 2023ರ ನವೆಂಬರ್‌ನ ಮಳೆ 1970ರ ಜನವರಿ 20ಕ್ಕೆ ಸುರಿಯುತ್ತದೆ. ಎಲ್ಲೂ ಎರರ್ ಇಲ್ಲ.

ಕನ್ನಡದ ಮಟ್ಟಿಗೆ ಇದಕ್ಕಿಂತ ನಾಜೂಕಾದದ್ದು ಇನ್ನೊಂದಿದೆ. ಯೂನಿಕೋಡ್‌ನಲ್ಲಿ ‘ಕೊಪ್ಪಳ’ದ ಒತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ ಮತ್ತು ಊತ್ವ ಎಂದು ಒಡೆದೂ ಇಡಬಹುದು. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಹಾಗಾಗಿ ಮೊದಲನೆಯದು 18 ಬೈಟ್, ಎರಡನೆಯದು 21. ಎರಡೂ ಶುದ್ಧ ಟೆಕ್ಸ್ಟ್, ಎರಡೂ ಪರೀಕ್ಷೆಯಲ್ಲಿ ಪಾಸು. ಹ್ಯಾಶ್ ಮಾತ್ರ ಬೇರೆ, ಪಾರ್ಟಿಷನ್ ಬೇರೆ. ಒಂದು ಕಡತದಿಂದ ಬಂದ ಮಳೆ ಒಂದು ಕೊಪ್ಪಳದಲ್ಲಿ, ಇನ್ನೊಂದರದ್ದು ಇನ್ನೊಂದರಲ್ಲಿ. ವರದಿ ಕೇಳಿದವರಿಗೆ ಸಿಗುವುದು ಅರ್ಧ ಮಳೆ. ಪಾಪ, ಬರ ಘೋಷಣೆಗೆ ಅಷ್ಟು ಸಾಕು!

ಕಸಾಂಡ್ರಾ ಬರೆಯುವ ಮುನ್ನ ಹಳೆಯ ಸಾಲು ಇದೆಯೇ ಎಂದು ಸಾಮಾನ್ಯವಾಗಿ ನೋಡುವುದಿಲ್ಲ. ಅದರ ವೇಗದ ಗುಟ್ಟುಗಳಲ್ಲಿ ಅದೂ ಒಂದು. ಆದ್ದರಿಂದ ತಪಾಸಣೆ ಅಪ್ಲಿಕೇಶನ್‌ನಲ್ಲೇ ನಡೆಯಬೇಕು. ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ (ಒತ್ವ ಒಡೆಯದೆ ಒಂದೇ ಸಂಕೇತವಾಗಿರುವ ರೂಪ) ತಂದು ಆಮೇಲೆ ಬರೆಯುವುದು ಒಂದು ದಾರಿ. ನನ್ನ ಮತವೇನೋ, ಕೀಯೊಳಗೆ ಊರ ಹೆಸರೇ ಬೇಡ: ಜಿಲ್ಲಾ ಕೋಡ್ ಇಂಟ್ ಆಗಿ ಹೋಗಲಿ, ಹೆಸರು ಮಾಮೂಲಿ ಕಾಲಂನಲ್ಲಿರಲಿ. 2000ಕ್ಕಿಂತ ಹಿಂದಿನ ಸಮಯ ಬಂದರೆ ವಾಪಸ್ ಕಳಿಸಲು ಒಂದು ಸಾಲಿನ ಷರತ್ತು ಸಾಕು.