ಸ್ವಾತಂತ್ರ್ಯ ಬಂದ ಮೇಲೆ ಹಾರಿದ ಗುಂಡು

ರಾಮಕೃಷ್ಣನಗರದಿಂದ ಮೈಸೂರಿನ ಪೇಟೆಯ ಕಡೆಗೆ ಹೊರಟವರು ದಾಟುವ ವೃತ್ತಗಳಲ್ಲಿ ರಾಮಸ್ವಾಮಿ ವೃತ್ತವೂ ಒಂದು. ಯಾರು ಈ ರಾಮಸ್ವಾಮಿ? ಅಂದಿನ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರೇ ಇರಬೇಕೆಂದು ಯಾರಾದರೂ ಭಾವಿಸಿದರೆ ಅದಕ್ಕಿಂತ ದೊಡ್ಡ ಅಪಚಾರ ಬೇರೊಂದಿಲ್ಲ. ವೃತ್ತಕ್ಕೆ ಹೆಸರಾದವನು ಒಬ್ಬ ವಿದ್ಯಾರ್ಥಿ; ಅದೇ ದಿವಾನರ ಆಡಳಿತದ ವಿರುದ್ಧ ಬೀದಿಗಿಳಿದು ಗುಂಡಿಗೆ ಬಲಿಯಾದವನು. ಅದು ನಡೆದದ್ದು 1947ರ ಸೆಪ್ಟೆಂಬರ್‌ನಲ್ಲಿ. ದೇಶ ಸ್ವತಂತ್ರವಾಗಿ ಆಗಲೇ ಸುಮಾರು ಒಂದು ತಿಂಗಳಾಗಿತ್ತು!

ಈ ಒಗಟು ಬಿಡಿಸಬೇಕಾದರೆ ಮೈಸೂರಿನವರ ಮನಸ್ಸನ್ನು ಮೊದಲು ಅರಿಯಬೇಕು. ಇಲ್ಲಿ ಬ್ರಿಟಿಷರು ಎದುರಿಗೆ ನಿಂತು ಆಳಲಿಲ್ಲ. 1831ರಿಂದ ಐವತ್ತು ವರ್ಷ ಕಮಿಷನರುಗಳ ಮೂಲಕ ನೇರವಾಗಿ ಆಳಿದ್ದುಂಟು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದ ಮೇಲೆ ಅವರು ತೆರೆಯ ಹಿಂದೆ ಸರಿದರು. ಆದರೆ 1799ರಲ್ಲಿ ಟಿಪ್ಪು ಮಡಿದಾಗ ಗೊತ್ತಾಗಿದ್ದ ಪೊಗದಿ ಮಾತ್ರ ತಪ್ಪಲಿಲ್ಲ. ವರ್ಷಕ್ಕೆ 24.5 ಲಕ್ಷ ರೂಪಾಯಿ ಇದ್ದದ್ದು 1896ರಿಂದ 35 ಲಕ್ಷಕ್ಕೆ ಏರಿತು. ಕೊಡುವವನು ರೈತ, ಕೇಳುವವನು ಕಾಣದಷ್ಟು ದೂರ. ಕಣ್ಣೆದುರಿಗಿದ್ದವರು ಪ್ರಜೆಗಳು ಪ್ರೀತಿಸುತ್ತಿದ್ದ ಮಹಾರಾಜರು ಮತ್ತು ಅವರ ದಿವಾನರು.

1881ರಲ್ಲೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಭಾರತದಲ್ಲಿ ಆಗ ಅದೊಂದು ಹೊಸ ಪ್ರಯೋಗ. 144 ಸದಸ್ಯರು ಬಂದು ದಿವಾನರ ಭಾಷಣ ಕೇಳಿ, ಅಹವಾಲು ಹೇಳಿಕೊಂಡು ಹೋಗಬಹುದಿತ್ತು. ಸರ್ಕಾರವನ್ನು ಇಳಿಸುವ ಮಾತು ಹಾಗಿರಲಿ, ತೆರಿಗೆಯೊಂದನ್ನು ತಡೆಯುವ ಅಧಿಕಾರವೂ ಇರಲಿಲ್ಲ. ಅಹವಾಲು ಹೇಳುವುದನ್ನು ಕಲಿತವರು ಒಂದಲ್ಲ ಒಂದು ದಿನ ಉತ್ತರವನ್ನೂ ಕೇಳುತ್ತಾರೆ.

ಕೇಳಿದರು ಕೂಡ. 1938ರ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಸಾವಿರಾರು ಜನ ನೆರೆದರು. ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ, ನಿಷೇಧವನ್ನು ಲೆಕ್ಕಿಸದೆ ಕಾಂಗ್ರೆಸ್ ಧ್ವಜ ಹಾರಿತು. ಮುಖಂಡರು ಸೆರೆಮನೆ ಸೇರಿದರು. ಎರಡು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಪೊಲೀಸರು ಸಭೆಯ ಮೇಲೆ ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದಕ್ಕೆ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಸರ್ದಾರ್ ಪಟೇಲ್ ಮತ್ತು ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ಲರೊಡನೆ ಮಾತಾಡಿ ರಾಜಿ ಮಾಡಿಸಿದರು. ಆ ರಾಜಿಯಂತೆ ಕಾಂಗ್ರೆಸ್ ಬಾವುಟದ ಜೊತೆಗೆ ಸಂಸ್ಥಾನದ ಬಾವುಟವೂ ಹಾರಬೇಕಿತ್ತು. ಇಂಥ ಜೋಡಿಗೆ ಇಲ್ಲಿನವರು ಒಪ್ಪಿದ್ದರಲ್ಲಿ ಅಚ್ಚರಿಯೇನಿಲ್ಲ. ಅವರು ಬೇಡಿದ್ದು 'ಮಹಾರಾಜರ ಆಶ್ರಯದಲ್ಲಿ ಜವಾಬ್ದಾರಿ ಸರ್ಕಾರ'. ದೊರೆ ಇರಲಿ, ದಿವಾನ ಹೋಗಲಿ!

ಸಾಗರದಾಚೆ ಅಮೆರಿಕದ ವಸಾಹತಿನವರೂ ಮೊದಲು ಹೀಗೆಯೇ ಯೋಚಿಸಿದ್ದರು. 1765ರ ಸ್ಟಾಂಪ್ ತೆರಿಗೆಯಾಗಲಿ, 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಸುರಿದ ಚಹವಾಗಲಿ, ಅವರ ಸಿಟ್ಟೆಲ್ಲ ಮಂತ್ರಿಗಳ ಮೇಲೆ, ಪಾರ್ಲಿಮೆಂಟಿನ ಮೇಲೆ. ಆ ಚಹ ಮುಂದೆ ಶ್ರೀರಂಗಪಟ್ಟಣವನ್ನು ಗೆದ್ದ ಅದೇ ಈಸ್ಟ್ ಇಂಡಿಯಾ ಕಂಪನಿಯದೆಂಬುದು ಬೇರೆ ಮಾತು. ಕಾಳಗ ಶುರುವಾದ ಮೇಲೂ, 1775ರ ಜುಲೈಯಲ್ಲಿ, ಅವರು ಮೂರನೆಯ ಜಾರ್ಜ್ ದೊರೆಗೆ ನಿಷ್ಠೆಯ ಬಿನ್ನವತ್ತಳೆ ಕಳಿಸಿದರು. ದೊರೆ ಅದನ್ನು ಸ್ವೀಕರಿಸಲೇ ಇಲ್ಲ. ಒಂದೇ ವರ್ಷದಲ್ಲಿ, 1776ರ ಜುಲೈ 4ರ ಘೋಷಣೆಯಲ್ಲಿ, ಅಪರಾಧಗಳ ಪಟ್ಟಿಯೆಲ್ಲ ದೊರೆಯ ತಲೆಗೇ ಕಟ್ಟಿತು.

ಮೈಸೂರಿನಲ್ಲಿ ಕಥೆ ಹಾಗಾಗಲಿಲ್ಲ. ಹಾಗೆಂದು ನೆತ್ತರು ಹರಿಯಲಿಲ್ಲವೆಂದಲ್ಲ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು ತನ್ನದೇ ಹುಡುಗರನ್ನು ಅಧಿಕಾರಿಗಳಾಗಿ ನೇಮಿಸಿತು. ಘರ್ಷಣೆಯಲ್ಲಿ ಸರ್ಕಾರದ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚ್‌ನಲ್ಲಿ ಐವರು ಗ್ರಾಮಸ್ಥರಿಗೆ ಗಲ್ಲಾಯಿತು.

1947ರ ಆಗಸ್ಟ್‌ನಲ್ಲಿ ಜಯಚಾಮರಾಜ ಒಡೆಯರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಅದರಂತೆ ದೆಹಲಿಗೆ ಹೋದದ್ದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಇಷ್ಟೇ. ಒಳಾಡಳಿತ ದಿವಾನರ ಕೈಯಲ್ಲೇ ಉಳಿಯಿತು. ದಿವಾನರೇನು ಸಾಮಾನ್ಯರಲ್ಲ, ಹಿಂದಿನ ವರ್ಷವಷ್ಟೇ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಗೆ ಮೊದಲ ಅಧ್ಯಕ್ಷರಾಗಿದ್ದವರು. ಜಗತ್ತಿನ ಸಭೆ ನಡೆಸಬಲ್ಲವರಿಗೆ ಮೈಸೂರಿನ ಹುಡುಗರ ಮನಸ್ಸು ತಿಳಿಯಲಿಲ್ಲ.

ಕೆ.ಸಿ. ರೆಡ್ಡಿಯವರ ಮುಂದಾಳತ್ವದಲ್ಲಿ ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಶುರುವಾಯಿತು. ಊರೂರುಗಳಿಂದ ಜನ ಅರಮನೆಯ ಊರಿಗೆ ಹೊರಟರು, ಸೆರೆಮನೆಗಳು ತುಂಬಿದವು. ಈಗಿನ ರಾಮಕೃಷ್ಣನಗರ ಆಗಿನ್ನೂ ಹುಟ್ಟಿರಲಿಲ್ಲ. ಸುಬ್ಬರಾಯನಕೆರೆಯ ಮೈದಾನವೇ ಚಳವಳಿಗಾರರ ಅಡ್ಡೆ. ಶಾಲೆ ಕಾಲೇಜು ಬಿಟ್ಟು ಬಂದ ಹುಡುಗರು 'ಆರ್ಕಾಟ್'ಗೆ 'ಬಾಯ್‌ಕಾಟ್' ಎಂದು ಪ್ರಾಸ ಕಟ್ಟಿ ಕೂಗಿದರು. ಮಹಾರಾಜರ ಆಪ್ತ ಕಾರ್ಯದರ್ಶಿ ತಂಬೂಚೆಟ್ಟಿಯವರಿಗೂ ಒಂದು ಖಾರವಾದ ಪ್ರಾಸ ದಕ್ಕಿತು. ಒಡೆಯರ ಹೆಸರಿಗೆ ಮಾತ್ರ ಅಂಥ ಪ್ರಾಸ ಹುಟ್ಟಲಿಲ್ಲ. ಧ್ವಜ ಹಿಡಿದ ಇಂಥ ಹುಡುಗರ ನಡುವೆಯೇ ರಾಮಸ್ವಾಮಿ ಬಿದ್ದ.

ಅವನ ಸಾವಿನಿಂದ ಚಳವಳಿ ಕಾವೇರಿತೇ ಹೊರತು ತಣ್ಣಗಾಗಲಿಲ್ಲ. ಅಕ್ಟೋಬರ್‌ನಲ್ಲಿ ಅರಮನೆ ಮಣಿಯಿತು. ಆ ತಿಂಗಳು ಮುಗಿಯುವುದರೊಳಗೆ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿದರು. ದಿವಾನಗಿರಿ ಕೆಲವೇ ಕಾಲದಲ್ಲಿ ಇತಿಹಾಸ ಸೇರಿತು. ಒಡೆಯರೋ, 1950ರಲ್ಲಿ ರಾಜಪ್ರಮುಖರಾದರು. 1956ರಲ್ಲಿ ಕನ್ನಡ ನಾಡು ಒಂದಾದಾಗ ಅದರ ಮೊದಲ ರಾಜ್ಯಪಾಲರಾಗಿ, ಚುನಾಯಿತ ಸರ್ಕಾರದ ಸಲಹೆಯಂತೆ ಸಹಿ ಹಾಕುತ್ತಾ 1964ರವರೆಗೆ ಮುಂದುವರಿದರು.