ಅಂಕಿಗಳ ಬಾನುಲಿ: ಹ್ರಸ್ವತರಂಗ ಪ್ರಸಾರ ಮತ್ತು ಗೂಢಚರ್ಯೆ

ಶಾರ್ಟ್‌ವೇವ್ ಎಂದು ರೂಢಿಯಲ್ಲಿರುವ ಹ್ರಸ್ವತರಂಗ ಬಾನುಲಿಯಲ್ಲಿ ನಿಲಯದ ಹೆಸರಾಗಲಿ, ವಾರ್ತೆಯಾಗಲಿ ಇಲ್ಲದೆ ಕೇವಲ ಅಂಕಿಗಳನ್ನು ಓದುವ ಪ್ರಸಾರಗಳು ಶೀತಲ ಸಮರದ ಕಾಲದಿಂದಲೂ ಕೇಳಿಬಂದಿವೆ. ಇವು ಪರದೇಶಗಳಲ್ಲಿರುವ ಗೂಢಚಾರರಿಗೆ ಕಳುಹಿಸುವ ಆದೇಶಗಳೆಂಬ ಊಹೆಗೆ ನ್ಯಾಯಾಲಯದ ದಾಖಲೆಗಳಿಂದ ಗಟ್ಟಿಯಾದ ಆಧಾರ ದೊರೆತದ್ದು ಮುಖ್ಯವಾಗಿ ಕ್ಯೂಬಾದ ಪ್ರಕರಣಗಳಲ್ಲಿ.

ಹ್ರಸ್ವತರಂಗಗಳು ಅಯಾನುಗೋಳದಿಂದ ಪ್ರತಿಫಲಿಸಿ ಸಾವಿರಾರು ಕಿಲೋಮೀಟರ್ ದೂರವನ್ನು ತಲಪುತ್ತವೆ. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ರೇಡಿಯೋ ಇದ್ದರೆ ಸಾಕು. ಕೇಳುವವರು ಯಾರು, ಎಲ್ಲಿದ್ದಾರೆ ಎಂಬುದರ ಸುಳಿವು ಪ್ರಸಾರದಲ್ಲಿ ಉಳಿಯುವುದಿಲ್ಲ. ಸಂದೇಶ ಕಳುಹಿಸುವವರ ಪಾಡು ಇದಕ್ಕೆ ತೀರ ವಿರುದ್ಧ. ಟಿಪ್ಪು ಸುಲ್ತಾನನ ವಂಶಜೆಯಾದ ನೂರ್ ಇನಾಯತ್ ಖಾನ್ 1943ರಲ್ಲಿ ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ನಿಂದ ಬ್ರಿಟನ್ನಿಗೆ ಸಂದೇಶಗಳನ್ನು ರವಾನಿಸುತ್ತಿದ್ದಾಗ, ತರಂಗದ ದಿಕ್ಕನ್ನು ಪತ್ತೆಹಚ್ಚುವ ವಾಹನಗಳಿಗೆ ಸಿಲುಕದಂತೆ ಮೇಲಿಂದ ಮೇಲೆ ಸ್ಥಳ ಬದಲಿಸಬೇಕಾಗಿತ್ತು.

ಇಂತಹ ಸಂದೇಶಗಳ ಅಭೇದ್ಯತೆಯ ಗುಟ್ಟು ಒಮ್ಮೆ ಮಾತ್ರ ಬಳಸುವ ಕೀಲಿಯಲ್ಲಿದೆ. ಸಂದೇಶದ ಅಂಕಿ 7, ಕೀಲಿಯ ಅಂಕಿ 5 ಎಂದಿಟ್ಟುಕೊಂಡರೆ ಮೊತ್ತ 12. ಹತ್ತರ ಸ್ಥಾನವನ್ನು ಕೈಬಿಟ್ಟು 2 ಎಂದಷ್ಟೇ ಓದಲಾಗುತ್ತದೆ. ಅದೇ ಕೀಲಿಯುಳ್ಳವರು 12ರಿಂದ 5ನ್ನು ಕಳೆದು 7ನ್ನು ಪಡೆಯುತ್ತಾರೆ. ಉಳಿದವರ ಪಾಲಿಗೆ ಆ 2ರ ಹಿಂದೆ ಹತ್ತು ಅಂಕಿಗಳಲ್ಲಿ ಯಾವುದೂ ಇರಬಹುದು. ಕೀಲಿಯು ಯಾದೃಚ್ಛಿಕವಾಗಿದ್ದು, ಸಂದೇಶದಷ್ಟೇ ಉದ್ದವಾಗಿದ್ದು, ಮರುಬಳಕೆಯಾಗದಿದ್ದರೆ ಅದನ್ನು ಭೇದಿಸಲಾಗದೆಂದು ಕ್ಲಾಡ್ ಶಾನನ್ 1949ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಗಣಿತದ ಮೂಲಕ ಸಾಧಿಸಿದರು. ನಿಯಮ ಸರಳ, ಪಾಲನೆ ಕಷ್ಟ. 1942ರ ಸುಮಾರಿಗೆ ಸೋವಿಯತ್ ಒಕ್ಕೂಟದಲ್ಲಿ ಕೀಲಿಯ ಕೆಲವು ಪುಟಗಳು ಎರಡೆರಡು ಬಾರಿ ಸಿದ್ಧವಾದುದರಿಂದಲೇ ಅಮೆರಿಕದ ‘ವೆನೋನಾ’ ತಜ್ಞರಿಗೆ ದಾರಿ ತೆರೆಯಿತು.

ಕ್ಯೂಬಾದ ಪ್ರಸಾರದಲ್ಲಿ ಸ್ತ್ರೀಧ್ವನಿಯೊಂದು ಸ್ಪ್ಯಾನಿಷ್ ಭಾಷೆಯಲ್ಲಿ ‘ಅತೆನ್ಸಿಯೋನ್’, ಅಂದರೆ ‘ಗಮನವಿಡಿ’ ಎಂದು ಕರೆದು, ಐದೈದು ಅಂಕಿಗಳ ಗುಂಪುಗಳನ್ನು ಓದುತ್ತಿತ್ತು. ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆಯ ವಿಶ್ಲೇಷಕಿ ಆನಾ ಬೆಲೆನ್ ಮಾಂಟೆಸ್ ಇವನ್ನು ಬರೆದುಕೊಂಡು, ಫ್ಲಾಪಿಯಲ್ಲಿದ್ದ ತಂತ್ರಾಂಶದ ನೆರವಿನಿಂದ ಬಿಡಿಸುತ್ತಿದ್ದರು. 2001ರ ಮೇ ತಿಂಗಳಿನಲ್ಲಿ ಎಫ್‌ಬಿಐ ಅವರ ಮನೆಯನ್ನು ರಹಸ್ಯವಾಗಿ ಶೋಧಿಸಿತು. ಅಳಿಸಿಹೋಗಿದೆಯೆಂದು ಭಾವಿಸಿದ್ದ ಪಠ್ಯ ಕಂಪ್ಯೂಟರಿನಲ್ಲಿ ಉಳಿದಿತ್ತು. ಅದರಲ್ಲಿದ್ದ ಅಂಕಿಗಳು 1999ರ ಫೆಬ್ರವರಿ 6ರಂದು 7887 ಕಿಲೋಹರ್ಟ್ಸ್‌ನಲ್ಲಿ ಓದಲಾದ ಅಂಕಿಗಳೊಂದಿಗೆ ಅದೇ ಅನುಕ್ರಮದಲ್ಲಿ ತಾಳೆಯಾದವು. ಯಾರೂ ಕೀಲಿಯನ್ನು ಗಣಿತದಿಂದ ಮುರಿಯಬೇಕಾಗಿ ಬರಲಿಲ್ಲ. ಸೆಪ್ಟೆಂಬರ್ 21ರಂದು ಬಂಧಿತರಾದ ಮಾಂಟೆಸ್‌ಗೆ 2002ರಲ್ಲಿ 25 ವರ್ಷಗಳ ಸೆರೆವಾಸ ವಿಧಿಸಲಾಯಿತು. 2023ರ ಜನವರಿಯಲ್ಲಿ ಅವರು ಬಿಡುಗಡೆಯಾದರು. ಅವರ ಬಂಧನದ ತರುವಾಯವೂ ಕ್ಯೂಬಾದ ಅಂಕಿಪ್ರಸಾರಗಳು ನಿಲ್ಲಲಿಲ್ಲ.